ಗಂಗವ್ವನ ಹಂಡೆ ಬರಿದಾದ ಸಂಜೆ

ಝುವಾರಿನಗರ, ಸಾಂಕೋಲೆ, ಗೋವಾ
೨೭ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಫಕೀರವ್ವ ಅತ್ತೆಗೆ, ನಿಮ್ಮ ಸೊಸೆ ಶ್ವೇತಾಳ ಶರಣು.

ಮೊದಲು ಕೈಯ ವಿಚಾರ. ಎಡಗೈ ಮಣಿಕಟ್ಟು ಹೇಗಿದೆ? ಗುಳ್ಳೆ ಒಣಗಿತೇ? ಒಣಗುವ ಮೊದಲೇ ಅದನ್ನು ಸೂಜಿಯಿಂದ ಚುಚ್ಚಿ ನೋಡುವ ಆಸೆ ನಿಮಗೆ ಬಂದಿರುತ್ತದೆ, ನನಗೆ ಗೊತ್ತು. ಚುಚ್ಚಬೇಡಿ. ಚುಚ್ಚಲೇಬೇಕೆನಿಸಿದರೆ ಮಾತಿನಿಂದ ನನ್ನನ್ನು ಚುಚ್ಚಿ, ನನಗೆ ಅಭ್ಯಾಸವಿದೆ. ಆಸ್ಪತ್ರೆಯವರು ಕೊಟ್ಟ ಮುಲಾಮನ್ನೇ ಹಚ್ಚಿಕೊಳ್ಳಿ. ಗಜೇಂದ್ರಗಡದಲ್ಲಿ ಯಾರಾದರೂ ಸೊಪ್ಪು ಅರೆದು ತಂದರೆ ಅದನ್ನು ಚಟ್ನಿ ಮಾಡಿಕೊಂಡು ಅವರಿಗೇ ಬಡಿಸಿ. ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ಸಿಟ್ಟಿಗೆ ಬಿಪಿ ಒಳ್ಳೆಯ ಸಂಗಾತಿಯಲ್ಲ, ಬಿಪಿಗೆ ಸಿಟ್ಟು ಅದಕ್ಕಿಂತ ಕೆಟ್ಟ ಸಂಗಾತಿ.

ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಎಂದು ಲತಕ್ಕ ನಗಬಹುದು. ನಿಮ್ಮ ಮಗಳಿಗೆ ಹೇಳಿ: ಫೋನು ಎತ್ತಿದ ಕೂಡಲೇ ಅತ್ತೆ ನನ್ನ ಉಸಿರಿನಿಂದಲೇ ನನ್ನನ್ನು ಗುರುತಿಸಿ ಕಟ್ ಮಾಡುತ್ತಾರೆ. ಕಾಗದವನ್ನು ಕಟ್ ಮಾಡಬೇಕೆಂದರೆ ಕತ್ತರಿ ಹುಡುಕಬೇಕು. ಲತಕ್ಕನ ಮನೆಯಲ್ಲಿ ಬೇಕಾದ ಹೊತ್ತಿಗೆ ಕತ್ತರಿ ಸಿಕ್ಕಿದ ಇತಿಹಾಸವೇ ಇಲ್ಲ. ಅಲ್ಲದೆ ನೀವು ಏಳನೆಯ ಇಯತ್ತೆವರೆಗೆ ಕಲಿತವರು, ಪೇಪರಿನಲ್ಲಿ ಶ್ರದ್ಧಾಂಜಲಿಯ ಫೋಟೋಗಳನ್ನೂ ಬಿಡದೆ ಓದುವವರು. ಇನ್ನೂ ಬದುಕಿರುವ ಸೊಸೆಯ ಕಾಗದವನ್ನು ಓದದೆ ಬಿಡುತ್ತೀರಾ? ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಕಾಗದದಲ್ಲಿ ಎಲ್ಲೆಲ್ಲಿ ‘ಅತ್ತೆ’ ಎಂದು ಕಂಡರೂ ಅದು ನೀವೇ. ‘ಶ್ವೇತಾ ಅತ್ತಳು’ ಎಂದು ಓಣಿಯಲ್ಲಿ ಅರ್ಥ ಬಿಡಿಸಿ ಹೇಳಬೇಡಿ. ನಾನು ಅತ್ತಿಲ್ಲ, ಅಳುವವಳೂ ಅಲ್ಲ. ಹುಟ್ಟಿನಿಂದ ಅಪ್ಪನ ಅಕ್ಕನೆಂದು ಅತ್ತೆ, ಮದುವೆಯಿಂದ ಗಂಡನ ಅವ್ವನೆಂದು ಅತ್ತೆ. ಇಬ್ಬರು ಅತ್ತೆಯರನ್ನು ಒಬ್ಬರಲ್ಲೇ ತಾಳಿಕೊಂಡವಳಿಗೆ ಕಣ್ಣೀರು ಅಷ್ಟು ಸುಲಭವಾಗಿ ಬರುವುದಿಲ್ಲ.

ಮಾವನವರು ಚೆನ್ನಾಗಿದ್ದಾರೆ. ಹಾಗೆಂದು ಬರೆಯಲು ಅವರೇ ಹೇಳಿದರು, ಬರೆದೆ. ಖರೆ ಸಂಗತಿ ಎಂದರೆ, ಡ್ಯೂಟಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಎರಡು ಕಪ್ ಚಹಾ ಹೇಳುತ್ತಾರೆ, ಒಂದನ್ನು ಕುಡಿದು ಇನ್ನೊಂದನ್ನು ನೋಡುತ್ತ ಕೂಡುತ್ತಾರೆ. ನಿಮ್ಮ ಎಲೆಅಡಿಕೆ ಚೀಲವನ್ನು ಗೂಟದಿಂದ ತೆಗೆಯುತ್ತಾರೆ, ಮತ್ತೆ ಗೂಟಕ್ಕೇ ಹಾಕುತ್ತಾರೆ. ನಿನ್ನೆ ನಿಮ್ಮ ಮಗ ಏನಾಗಿದೆ ಎಂದು ಕೇಳಿದರೆ, “ಏನಿಲ್ಲೋ. ಆಕಿ ಇದ್ರ ಬೈತಾಳ ಅಂತ ಸಿಟ್ಟು, ಇಲ್ಲಂದ್ರ ಬೈಯೋರಿಲ್ಲ ಅಂತ ಬ್ಯಾಸರಾ. ಗಂಡಸಿನ ಜಲ್ಮಾನ ಕೆಟ್ಟದ್ದು” ಎಂದರು. ಬೈಗುಳವನ್ನು ನಾನು ಬೇಕಾದಷ್ಟು ಸಪ್ಲೈ ಮಾಡಬಲ್ಲೆ, ಆದರೆ ನಿಮ್ಮ ಕೈರುಚಿ ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. ಲತಕ್ಕ ಫೋನಿನಲ್ಲಿ ಪಿಸುಗುಟ್ಟಿದಳು. ನೀವು ಅಲ್ಲಿಯ ಓಣಿಯಲ್ಲೆಲ್ಲ, “ನನ್ನ ಸೊಸಿ ಹಬ್ಬದ ದಿನಾ ಮಂದಿ ಮುಂದ ನನ್ನ ನೀರಿಳಿಸಿದ್ಲು” ಎಂದು ಹೇಳಿಕೊಂಡು ತಿರುಗುತ್ತಿದ್ದೀರಂತೆ. ನೀರಿಳಿಸಿದ್ದು ಹೌದು. ತಲೆಯಿಂದ ಹಿಮ್ಮಡಿಯವರೆಗೆ ಇಳಿಸಿದ್ದೇನೆ, ಅಲ್ಲಗಳೆಯುವುದಿಲ್ಲ. ಆದರೆ ನೀರು ಇಳಿಯುವ ಮೊದಲು ಬೆಂಕಿ ಏರಿತ್ತು ಎಂಬ ಸಣ್ಣ ಸಂಗತಿಯನ್ನು ಓಣಿಗೆ ಹೇಳಲು ಮರೆತಿದ್ದೀರಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವೂ ಅಲ್ಲೇ ಇದ್ದಿರಿ, ನಿಜ. ಆದರೆ ಉರಿಯುತ್ತಿರುವವರಿಗೆ ಸುತ್ತಲಿನದು ಎಲ್ಲ ಕಾಣುವುದಿಲ್ಲ.

ಅಂದು ನೀರು ತುಂಬುವ ಹಬ್ಬ. ಮಧ್ಯಾಹ್ನ ನಳ ಬಂತು. ಊರಿನಿಂದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದ ತಾಮ್ರದ ಹಂಡೆಯನ್ನು ನೀವು ಹುಣಸೆಹಣ್ಣು ಹಾಕಿ ತಿಕ್ಕಿದಿರಿ. ಅದು ಹೊಳೆದ ರೀತಿಗೆ ನಾನು ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚಿದೆ. ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಿರಿ. ಗೋವಾದವರು ಈ ಹಬ್ಬಕ್ಕೆ ಕಾಲಿನಿಂದ ತುಳಿದು ಒಡೆಯುವ ಕಹಿಕಾಯಿ ಕಾರೀಟು ನಮ್ಮಲ್ಲಿ ಹಿಂಡಲಕಾಯಿ ಆಗಿ ಹಂಡೆಯ ಕೊರಳಿಗೆ ಹಾರವಾಯಿತು. ಇಲ್ಲಿಯವರೆಗೆ ನನಗೂ ಸಂತೋಷವೇ. ಆಮೇಲೆ ನೀವು ಕೊಡಗಳನ್ನು ತುಂಬಿದಿರಿ, ಬಿಂದಿಗೆಗಳನ್ನು ತುಂಬಿದಿರಿ, ಪ್ಲಾಸ್ಟಿಕ್ ಬಕೆಟ್ಟನ್ನು ತುಂಬಿದಿರಿ, ಕೊನೆಗೆ ನನ್ನ ಮಗಳು ರೇಣುವಿನ ಶಾಲೆಯ ಬಾಟಲಿಯನ್ನೂ ತುಂಬಿ ಅದಕ್ಕೂ ಅರಿಶಿಣ ಕುಂಕುಮ ಹಚ್ಚಿದಿರಿ. ಬೆಳಗಿನ ಜಾವದ ಎಣ್ಣೆಸ್ನಾನದವರೆಗೆ ಅದು ನೀರಲ್ಲ, ಗಂಗವ್ವ. ಯಾರೂ ಬೆರಳು ಅದ್ದುವ ಹಾಗಿಲ್ಲ. ಊರಿನಲ್ಲಾದರೆ ಹಿತ್ತಲಲ್ಲಿ ಬಾವಿ ಇರುತ್ತದೆ, ದೇವರು ಬೇರೆ, ನೀರು ಬೇರೆ. ನಮ್ಮ ಚಾಳಿನ ಸಾಲುಮನೆಗಳಲ್ಲಿ ನಳ ಬರುವುದೇ ದಿನ ಬಿಟ್ಟು ದಿನ. ಹಾಗಾಗಿ ಆ ಸಂಜೆ ನಮ್ಮ ಮನೆಯಲ್ಲಿ ಹನಿ ನೀರಿರಲಿಲ್ಲ, ಇದ್ದದ್ದೆಲ್ಲ ದೇವರು.

ಒಂದು ಬಕೆಟ್ಟು ಬಿಡಿ ಅತ್ತೆ, ಪಟಾಕಿ ಹಾರಿಸುವ ಕಡೆ ನೀರು ಇರಬೇಕು ಎಂದು ನಾನು ಕೇಳಿದ್ದು ನೆನಪಿದೆಯೇ? “ಪಟಾಕಿ ಹಾರ್ಸಾಕ ಬಕೀಟು ಯಾಕ? ಅರಿವಿ ಒಗ್ಯಾಕತ್ತೀಯೇನು?” ಎಂದಿರಿ. ಉಸುಕು ತುಂಬಿಟ್ಟಿದ್ದ ಡಬ್ಬಿಯನ್ನು ಹುಡುಕಿದೆ. ಅದರಲ್ಲಿ ಕೋಲು ನೆಟ್ಟು ಮಾವನವರು ಆಕಾಶಬುಟ್ಟಿ ಏರಿಸಿದ್ದರು. ಹತ್ತಿಯ ಸೀರೆ ಉಟ್ಟುಕೊಳ್ಳಿ, ಈ ಮಿಂಚುವ ಸೀರೆ ಕಿಡಿ ಬಿದ್ದರೆ ಮೇಣದ ಹಾಗೆ ಕರಗಿ ಮೈಗೆ ಅಂಟುತ್ತದೆ ಎಂದೆ. “ಹಬ್ಬದ ದಿನಾ ಹತ್ತಿ ಸೀರಿ ಉಡಾಕ ನಾ ಏನ್ ಹೊಲದಾಗ ಕಳೇವು ತೆಗ್ಯಾಕ ಹೊಂಟೇನಿ?” ಎಂದಿರಿ. ಅಗ್ನಿಶಾಮಕದವರು ನಾನು ಪಾಠ ಹೇಳುವ ಶಾಲೆಗೆ ಬಂದು ಹೇಳಿಕೊಟ್ಟದ್ದನ್ನೇ ನಾನು ಹೇಳುತ್ತಿದ್ದೆ. ಆದರೆ ನಿಮ್ಮ ಮಗ ಬೋಟ್ ಕಾರ್ಖಾನೆಯ ವೆಲ್ಡರ್ ಅಲ್ಲವೇ, ಎದೆ ಉಬ್ಬಿಸಿ, “ನಾ ದಿನಾ ಕಿಡಿ ಜೋಡಿನ ಸಂಸಾರ ಮಾಡಾಂವ. ನನಗ ಪಟಾಕಿ ಹಾರ್ಸೂದು ಕಲಸ್ತೀಯೇನು?” ಎಂದ. ಕಿಡಿಯ ಜೊತೆ ಸಂಸಾರ ಮಾಡುವವನು ಮನೆಯಲ್ಲಿ ನನ್ನ ಜೊತೆ ಮಾಡುವುದೇನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವೂ ಮಗನ ಪರವಾಗಿ, “ಸಾಲಿ ಬಾಯಾರು ಬಂದ್ರು, ಕೈ ಕಟ್ಟಿ ನಿಂದರ್ರಿ ಎಲ್ಲಾರೂ” ಎಂದಿರಿ. ಇಡೀ ಚಾಳು ನಕ್ಕಿತು. ಚಾಳಿನ ಚಾಳಿಯೇ ಅದು, ನಾನೂ ನಕ್ಕೆ.

ಬಯಲಿಗೆ ಹೋಗೋಣ ಎಂದೆ. ಬಯಲಿನಲ್ಲಿ ಹುಡುಗರು ನರಕಾಸುರನನ್ನು ಕಟ್ಟುತ್ತಿದ್ದರು, ಸ್ಪೀಕರಿನ ಸದ್ದಿಗೆ ಅವನ ಹುಲ್ಲಿನ ಹೊಟ್ಟೆಯೇ ನಡುಗುತ್ತಿತ್ತು. ಹಾಗಾಗಿ ಬಾಗಿಲ ಮುಂದಿನ ಓಣಿಯಲ್ಲೇ, ಎರಡೂ ಕಡೆ ಮನೆಗಳ ನಡುವೆ, ಹಗ್ಗಕ್ಕೆ ಒಣಹಾಕಿದ ಬಟ್ಟೆಗಳ ಕೆಳಗೆ ನಮ್ಮ ದೀಪಾವಳಿ ಶುರುವಾಯಿತು. ಬಟ್ಟೆಗಳನ್ನು ನಾನೇ ತೆಗೆದೆ. ಇಲ್ಲದಿದ್ದರೆ ಪಕ್ಕದ ಮನೆಯ ಖುರ್ಷಿದಾಬೇಗಂ ಅವರ ಇಡೀ ಸಂಸಾರದ ಅರಿವೆಯೂ ಆ ಸಂಜೆ ಹಾರುತ್ತಿತ್ತು.

ನಿಮ್ಮ ಮಗ ಯಮನೂರ ಒಂದು ಹೂಕುಂಡಕ್ಕೆ ಊದಿನಕಡ್ಡಿ ಮುಟ್ಟಿಸಿದ. ಅದು ಒಂದಿಷ್ಟು ಸೀನಿ ಠುಸ್ಸೆಂದು ಸುಮ್ಮನಾಯಿತು. ಅದನ್ನು ಬಿಟ್ಟುಬಿಡಿ, ಠುಸ್ಸಾದದ್ದರ ಹತ್ತಿರ ಯಾರೂ ಹೋಗಬೇಡಿ, ಆಮೇಲೆ ನೀರಿಗೆ ಹಾಕೋಣ ಎಂದು ನಾನು ಕೂಗಿದೆ. ನಿಮ್ಮ ಮಗ ಇನ್ನೊಂದನ್ನು ತರಲು ಒಳಗೆ ತಿರುಗಿದ. ನಿಮ್ಮ ಬಲಗೈಯಲ್ಲಿ ಉರಿಯುವ ಸುರುಸುರುಬತ್ತಿ ಇತ್ತು. “ರೊಕ್ಕಾ ಕೊಟ್ಟು ತಂದದ್ದೈತಿ. ಯಾಕ ಸತ್ತೈತಿ ನೋಡೂಣು ತಡಿ” ಎಂದು ನೀವು ಅದರ ಮೇಲೆ ಬಗ್ಗಿದಿರಿ. ಎದ್ದೇಳಲೊಲ್ಲದ ಮೊಮ್ಮಗಳನ್ನು ಎಬ್ಬಿಸುವ ಹಾಗೆ ಸುರುಸುರುಬತ್ತಿಯಿಂದ ಅದನ್ನು ತಿವಿದಿರಿ. ಅದು ಎದ್ದಿತು. ಆಳೆತ್ತರಕ್ಕೆ ಎದ್ದಿತು. ನೀವು ಮುಖ ಹಿಂದೆ ಎಳೆದುಕೊಂಡಿರಿ, ದೇವರು ದೊಡ್ಡವನು. ಸೆರಗು ಹಿಂದೆ ಬರಲಿಲ್ಲ.

ಅತ್ತೆ, ಇಲ್ಲಿಂದ ಮುಂದಿನದನ್ನು ನಾನು ನಗುತ್ತ ಬರೆಯಲಾರೆ. ರೇಣು ಹೊಸ್ತಿಲಲ್ಲಿ ನಿಂತಿದ್ದಳು, ಹಂಡೆಗೆ ಎಲ್ಲರಿಗಿಂತ ಹತ್ತಿರ. ನಮಗೆಲ್ಲ ಕಾಲು ಬರುವ ಮೊದಲೇ ಆ ಹುಡುಗಿ ತಿರುಗಿ ತಂಬಿಗೆಯನ್ನು ಹಂಡೆಯಲ್ಲಿ ಅದ್ದಿದಳು. ನಿಮ್ಮ ಸೆರಗು ಭುಜದವರೆಗೆ ಉರಿಯುತ್ತಿತ್ತು. ನೀವು ಅಯ್ಯೋ ಎನ್ನಲಿಲ್ಲ. ಉಳಿಸ್ರೋ ಎನ್ನಲಿಲ್ಲ. “ಏ ರೇಣು! ಗಂಗವ್ವನ್ನ ಮುಟ್ಟಬ್ಯಾಡ!” ಎಂದು ಕೂಗಿದಿರಿ. ಬಯಲಿನ ಸ್ಪೀಕರಿಗಿಂತ ಜೋರಾಗಿ. ಹುಡುಗಿ ಹೆದರಿ ಕೈಬಿಟ್ಟಳು. ತಂಬಿಗೆ ಹಂಡೆಯೊಳಗೇ ಮುಳುಗಿತು.

ಆಮೇಲೆ ಬಂದವಳು ನಾನು. ಮೊದಲು ನಿಮ್ಮನ್ನು ನೆಲಕ್ಕೆ ಕೆಡವಿದೆ. ನಿಂತವರ ಮೈಮೇಲೆ ಬೆಂಕಿ ಮೇಲಕ್ಕೆ ಏರುತ್ತದೆ, ಕೆಡವದೆ ಗತಿಯಿಲ್ಲ. ಅತ್ತೆಯನ್ನು ಹಾಡುಹಗಲಿನಂಥ ಬೆಳಕಿನಲ್ಲಿ, ಮಂದಿಯ ಎದುರು ನೆಲಕ್ಕೆ ಕೆಡವುವ ಯೋಗ ಎಲ್ಲ ಸೊಸೆಯರಿಗೂ ಬರುವುದಿಲ್ಲವೆಂದು ಚಾಳಿನ ಹೆಂಗಸರು ಈಗಲೂ ಹೊಟ್ಟೆಕಿಚ್ಚು ಪಡುತ್ತಾರೆ. ಬಾಗಿಲ ಬಳಿಯ ಕೊಡವನ್ನು ಕುಂಕುಮದ ಸಮೇತ ನಿಮ್ಮ ಮೇಲೆ ಬೋರಲು ಹಾಕಿದೆ. ಬೆಂಕಿ ಆರಿತು. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ನೀವು ಒಂದು ವಾರ ಗೊಣಗಿ ಕ್ಷಮಿಸಿಬಿಡುತ್ತಿದ್ದಿರಿ ಎಂದು ಬಲ್ಲೆ. ನೀವು ಕ್ಷಮಿಸದಿರುವುದು ಆಮೇಲಿನದನ್ನು. “ಬೆಂಕಿ ಆರಿದ ಮ್ಯಾಲೂ ಯಾಕ ಸುರದಿ? ಹಂಡೆ ಬರಿದಾಗೂತನಕಾ ಯಾಕ ಸುರದಿ?” ಎಂದು ಅಂದಿನಿಂದ ಕೇಳುತ್ತಿದ್ದೀರಿ. ಉತ್ತರ ಕೊಡಲು ಹೋದಾಗಲೆಲ್ಲ ಗೋಡೆಗೆ ಮುಖ ಮಾಡಿದಿರಿ. ಇಲ್ಲಿ ಗೋಡೆಯಿಲ್ಲ, ಕೇಳಿ.

ಸೀರೆಯ ಬೆಂಕಿ ಆರಿದರೂ ಚರ್ಮದೊಳಗಿನ ಬೆಂಕಿ ಆರಿರುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಹಾಲು ಉಕ್ಕುವುದನ್ನು ನೋಡಿಲ್ಲವೇ? ಹಾಗೆಯೇ ಸುಟ್ಟ ಜಾಗ ಒಳಗೊಳಗೇ ಬೇಯುತ್ತಿರುತ್ತದೆ. ಅದಕ್ಕೆ ತಣ್ಣೀರೇ ಮದ್ದು, ಒಂದು ತಂಬಿಗೆಯಲ್ಲ, ಬಹಳ ಹೊತ್ತು, ಸುಮ್ಮನೆ ಹರಿಯುತ್ತಲೇ ಇರಬೇಕು. ನಾನು ಹಂಡೆಗೆ ಕೈಹಾಕಿದಾಗ ಸುತ್ತ ಒಂದು ಜಾತ್ರೆಯೇ ನೆರೆದಿತ್ತು. ಖುರ್ಷಿದಾಬೇಗಂ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು, ಪಾಪ, ಒಂದು ಕಾಲಿಗೆ ಮಾತ್ರ ಚಪ್ಪಲಿ. ನಿಮ್ಮ ಮಗ ಅರಿಶಿಣದ ಡಬ್ಬಿ ತಂದ. ಮಾವನವರು ಮರುದಿನದ ಸ್ನಾನಕ್ಕೆ ಕಾಯಿಸಿಟ್ಟಿದ್ದ ಎಣ್ಣೆಯ ಬಟ್ಟಲನ್ನೇ ತಂದರು. ಪೇಸ್ಟು, ಅರಿಶಿಣ, ಎಣ್ಣೆ! ಇನ್ನೊಬ್ಬರು ಉಪ್ಪು ಖಾರ ತಂದಿದ್ದರೆ ಒಗ್ಗರಣೆಗೆ ಎಲ್ಲ ತಯಾರಾಗುತ್ತಿತ್ತು. “ಯಾರೂ ಕೈ ಹಚ್ಚಬ್ಯಾಡ್ರಿ!” ಎಂದು ನಾನು ಕೂಗಿದ ಕೂಗಿಗೆ ಮಾವ ಎಣ್ಣೆಯ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತರು, ಕದ್ದು ಸಿಕ್ಕಿಬಿದ್ದವರ ಹಾಗೆ. ಅವೆಲ್ಲ ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ, ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ನಿಮಗೆ ಎರಡನೆಯ ಸಲ ಬೆಂಕಿ ಹತ್ತಿದ ಹಾಗಾಗುತ್ತದೆ.

ಇನ್ನು ಬಳೆಯ ವಿಷಯ. ಆ ಮಣಿಕಟ್ಟು ಬಾತುಕೊಳ್ಳುವುದರೊಳಗೆ ಹಸಿರು ಬಳೆಗಳನ್ನು ತೆಗೆಯಬೇಕಿತ್ತು. ನೀರಿನಲ್ಲೇ ಜಾರಿಸಿ ಒಂದೊಂದಾಗಿ ತೆಗೆದೆ, ಒಂದೂ ಒಡೆಯಲಿಲ್ಲ. ಆಗ ನೀವು, “ಅಯ್ಯ ನನ ಸಿವನೇ, ಗಂಡ ಇದ್ದಾಕಿ ಬಳಿ ಕಳೀತಾಳಲ್ರೋ ಇಕಿ!” ಎಂದು ಬೊಬ್ಬೆ ಹಾಕಿದಿರಿ. ಮಾವನವರು ಬಟ್ಟಲಿನ ಸಮೇತ ಮುಂದೆ ಬಂದು, “ಏ, ನಾ ಇಲ್ಲೇ ಅದೀನಿ, ಕಣ್ಣು ತೆರದು ನೋಡು! ಬಳಿ ತೆಗದ್ರ ನಾ ಏನ್ ಸಾಯಾಂಗಿಲ್ಲ, ನೀ ಹಿಂಗ ಒದರಿದ್ರ ಮಾತ್ರ ಹೇಳಾಕ ಬರಾಂಗಿಲ್ಲ” ಎಂದರು. ಬೆಂಕಿ ಎಂದು ಓಡಿ ಬಂದಿದ್ದ ನರಕಾಸುರನ ಹುಡುಗರು ಕೂಡ ನಕ್ಕುಬಿಟ್ಟರು. ಗೋವಾದಲ್ಲಿ ನರಕಾಸುರನನ್ನು ಸುಡುವುದು ಬೆಳಗಿನ ಜಾವಕ್ಕೆ. ಅವನಿಗಿಂತ ಮೊದಲು ನಂಬರು ಹಚ್ಚುವ ಅವಸರ ನಿಮಗೆ ಏನಿತ್ತು?

ಚಿಕಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ನೋಡಿ, ನೀರು ಯಾರು ಹಾಕಿದ್ದು ಎಂದು ಕೇಳಿದರು. ನಾನು ಎಂದೆ. “ಬರೆಂ ಕೆಲೆಂ” ಎಂದರು. ಒಳ್ಳೆಯದು ಮಾಡಿದಿ ಎಂದು. ನೀವು ಅರ್ಥವಾಗದವರ ಹಾಗೆ ಛತ್ತು ನೋಡುತ್ತಿದ್ದಿರಿ. ಬಾಂಗಡೆ ಮೀನು ಮಾರುವವಳ ಜೊತೆ ಊಟದ ಹೊತ್ತು ಮೀರುವವರೆಗೂ ಕೊಂಕಣಿಯಲ್ಲಿ ಜಗಳ ಆಡುವ ನಿಮಗೆ ಆ ಎರಡು ಶಬ್ದ ತಿಳಿಯಲಿಲ್ಲವೆಂದರೆ ನಾನು ನಂಬುವವಳಲ್ಲ. ಗುಳ್ಳೆ ಮಣಿಕಟ್ಟಿನಲ್ಲೇ ನಿಂತಿದೆ, ಮೊಣಕೈಯವರೆಗೆ ಚರ್ಮ ಉಳಿದಿದೆ, ಅದು ಆ ನೀರಿನಿಂದ ಎಂದು ಅವರು ಹಿಂದಿಯಲ್ಲೂ ಹೇಳಿದರು. ಆಗ ನಿಮ್ಮ ಕಣ್ಣು ಕಿಟಕಿಯ ಕಡೆಗಿತ್ತು.

ನರಕ ಚತುರ್ದಶಿಯ ಬೆಳಗು ನಮ್ಮ ಮನೆಯಲ್ಲಿ ಎಣ್ಣೆನೀರು ಆಗಲಿಲ್ಲ. ನಳದ ದಿನವಲ್ಲ, ಹಂಡೆಯಲ್ಲಿ ತಂಬಿಗೆ ಮಾತ್ರ ಬಿದ್ದಿತ್ತು. ಮಾವ ಅಂಗಡಿಯಿಂದ ಬಾಟಲಿ ನೀರು ತಂದು ಕಾಯಿಸಿ ತಲೆಗೆ ಹಾಕಿಕೊಂಡು, “ಇವತ್ತ ನಮ್ಮ ಮನಿಗಿ ಬಾಟ್ಲಿ ಗಂಗವ್ವ ಬಂದಾ‍ಳ” ಎಂದು ಕೈಮುಗಿದರು. ನೀವು ನಗಲಿಲ್ಲ. ಪಾಡ್ಯದ ಆರತಿ ಮುಗಿದದ್ದೇ ಚೀಲ ಎತ್ತಿದಿರಿ. ಹೊಸ್ತಿಲಲ್ಲಿ ನಿಂತು, “ಗಂಗವ್ವನ ಮುಂದ, ಐದು ಮಂದಿ ಮುತ್ತೈದೇರ ಮುಂದ ಉಡಿ ತುಂಬಿ, ತಪ್ಪಾತು ಅಂತ ಅನ್ನು. ಅಲ್ಲೀತನಕಾ ನಿನ್ನ ಕೈಯಾಗಿನ ಒಂದ್ ತಂಬಗಿ ನೀರೂ ನಾ ಕುಡ್ಯಾಂಗಿಲ್ಲ” ಎಂದಿರಿ. ಬಸ್ಸಿಗೆ ನಾನು ತುಂಬಿಕೊಟ್ಟ ನೀರಿನ ಬಾಟಲಿಯನ್ನು ಕಟ್ಟೆಯ ಮೇಲೇ ಬಿಟ್ಟು ಹೋದಿರಿ. ನೋಡಿದ್ದೇನೆ.

ನಿಮ್ಮ ಮಗ ದಿನವೂ ನನ್ನ ಹಿಂದೆ ಬಿದ್ದಿದ್ದಾನೆ. “ಒಂದ್ ಮಾತು ಅಂದ್ಬಿಡು ಶ್ವೇತಾ, ಬಾಯಿ ಏನ್ ಸವೀತೈತೇನು?” ಬಾಯಿ ಸವೆಯುವುದಿಲ್ಲ, ಮಾತು ಸವೆಯುತ್ತದೆ ಎಂದೆ. ನನ್ನ ಅಪ್ಪನೂ, ಅಂದರೆ ನಿಮ್ಮ ತಮ್ಮನೂ, ಫೋನು ಮಾಡಿ, “ಅಕ್ಕನ ಜೋಡಿ ವಾದಾ ಹಾಕಬ್ಯಾಡವಾ, ನಾ ಸಣ್ಣಾಂವ ಇದ್ದಾಗಿಂದ ಹಾಕಿ ಹಾಕಿ ಸೋತೇನಿ” ಎಂದ. ಅವನು ಸೋತ ಎಂದರೆ ನಾನೂ ಸೋಲಬೇಕೆಂದು ಯಾವ ಶಾಸ್ತ್ರದಲ್ಲಿದೆ? ನಿಮ್ಮ ಹಠ ಮತ್ತು ನನ್ನ ಹಠ ಒಂದೇ ಮನೆತನದ ಬೀಜ. ನೀವು ಬಿತ್ತಿದ್ದು ಸ್ವಲ್ಪ ಮೊದಲು, ಅಷ್ಟೇ.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ಉಡಿ ತುಂಬುತ್ತೇನೆ. ಐದು ಮಂದಿಯಲ್ಲ, ಚಾಳಿನ ಎಲ್ಲ ಹೆಂಗಸರನ್ನೂ ಕರೆಯುತ್ತೇನೆ. ಖುರ್ಷಿದಾಬೇಗಂ ಈಗಾಗಲೇ ಯಾವ ಸೀರೆ ಉಡಲಿ ಎಂದು ಕೇಳಿದ್ದಾರೆ, ಹತ್ತಿಯದು ಎಂದಿದ್ದೇನೆ. ಆದರೆ ಗಂಗವ್ವನ ಮುಂದೆ ನಾನು ಅನ್ನುವ ಮಾತು ‘ಉಪಕಾರ ಆತವ್ವಾ’ ಎಂದು. ‘ತಪ್ಪಾತು’ ಎಂದು ಅಲ್ಲ. ಹಂಡೆಯಲ್ಲಿ ಹಾರ ಹಾಕಿಕೊಂಡು ಕುಳಿತು, ತನ್ನನ್ನು ಪೂಜಿಸಿದವಳೇ ಉರಿಯುವುದನ್ನು ನೋಡುವ ಗಂಗವ್ವ ನನಗೆ ಗೊತ್ತಿಲ್ಲ. ಎದ್ದು ಬಂದು ನಿಮ್ಮ ಕೈಮೇಲೆ ಹರಿದಳಲ್ಲ, ಆ ಗಂಗವ್ವ ಗೊತ್ತು. ಅವಳಿಗೆ ಸಿಟ್ಟು ಬಂದಿದ್ದರೆ ನಿಮ್ಮ ಮೊಣಕೈ ಉಳಿಯುತ್ತಿರಲಿಲ್ಲ. ಅವಳ ಪರವಾಗಿ ನೀವು ಸಿಟ್ಟು ಮಾಡಿಕೊಳ್ಳುವುದು ವಕಾಲತ್ತು ಕೇಳದವರಿಗೆ ವಕೀಲಿ ಮಾಡಿದ ಹಾಗೆ. ನಾಳೆ ಮತ್ತೆ ನಿಮ್ಮ ಸೆರಗಿಗೆ ಕಿಡಿ ಬಿದ್ದರೆ ಮತ್ತೆ ಕೆಡವುತ್ತೇನೆ, ಮತ್ತೆ ಸುರಿಯುತ್ತೇನೆ. ಹಂಡೆಯಲ್ಲ, ಕಾಶಿಯಿಂದ ತಂದ ತೀರ್ಥವಾದರೂ ಸುರಿಯುತ್ತೇನೆ. ಅದಕ್ಕೆ ನೀವು ಜನ್ಮವಿಡೀ ನನ್ನ ಕೈನೀರು ಕುಡಿಯದಿದ್ದರೂ ಸೈ. ಕುಡಿಯುವುದಿಲ್ಲ ಎಂದು ಹೇಳಲು ನೀವು ಇರುತ್ತೀರಿ, ನನಗೆ ಅಷ್ಟು ಸಾಕು.

ಮುಂದಿನ ಭಾನುವಾರ ತುಳಸಿ ಲಗ್ನ. ಇಲ್ಲಿಯವರಿಗೆ ಅದೇ ದೊಡ್ಡ ದೀಪಾವಳಿ, ಪಟಾಕಿಯ ಗದ್ದಲ ನಿಮಗೆ ಗೊತ್ತೇ ಇದೆ. ಈ ಸಲ ಓಣಿಯಲ್ಲಿ ಒಂದು ಕಡ್ಡಿಯನ್ನೂ ಗೀರುವ ಹಾಗಿಲ್ಲ, ಎಲ್ಲ ಬಯಲಿನಲ್ಲಿ. ನರಕಾಸುರ ಬೂದಿಯಾಗಿ ಜಾಗ ಖಾಲಿ ಮಾಡಿಕೊಟ್ಟಿದ್ದಾನೆ. ಹಚ್ಚುವವರು ಒಂದು ಸಲಕ್ಕೆ ಒಬ್ಬರೇ, ಅದೂ ಕೋಲಿಗೆ ಕಟ್ಟಿದ ಊದಿನಕಡ್ಡಿಯಿಂದ. ಉರಿದ ಸುರುಸುರುಬತ್ತಿಯ ಕಡ್ಡಿಗಳನ್ನು ನೆಲಕ್ಕೆ ಎಸೆದು ಯಾರದಾದರೂ ಅಂಗಾಲಿಗೆ ಬರೆ ಹಾಕುವ ಬದಲು ನೇರ ನೀರಿಗೆ ಹಾಕಬೇಕು. ಠುಸ್ಸಾದದ್ದಕ್ಕೆ ಎರಡನೆಯ ಜನ್ಮ ಇಲ್ಲ. ನಿಮ್ಮ ಮಗ, ಕಿಡಿಯ ಜೊತೆ ಸಂಸಾರ ಮಾಡುವವನು, ಈಗ ಸುರುಸುರುಬತ್ತಿ ಹಚ್ಚಲಿಕ್ಕೂ ಕಾರ್ಖಾನೆಯ ಕನ್ನಡಕ ಹಾಕಿಕೊಳ್ಳುತ್ತೇನೆ ಎನ್ನುತ್ತಾನೆ. ನಾನು ಹೊಸ ಬಕೆಟ್ಟು ತಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಇದು ದೇವರಲ್ಲ, ಬರೇ ನೀರು’ ಎಂದು ಬರೆದಿದ್ದೇನೆ. ನೀವು ಬಂದರೆ ಅದಕ್ಕೂ ಕುಂಕುಮ ಹಚ್ಚುತ್ತೀರಿ ಎಂದು ಮಾವ ಪಣ ಕಟ್ಟಿದ್ದಾರೆ. ಹಚ್ಚಿ, ಬೇಡ ಅನ್ನುವುದಿಲ್ಲ. ಮುಟ್ಟಬೇಡಿ ಎನ್ನದಿದ್ದರೆ ಆಯಿತು. ಇಷ್ಟೆಲ್ಲ ಮಾಡಿದ್ದಕ್ಕೆ ಚಾಳಿನ ಮಂದಿ ನನಗೆ ‘ಪಟಾಕಿ ಬಾಯಿ’ ಎಂದು ಹೆಸರಿಟ್ಟಿದ್ದಾರೆ. ಶಾಲೆಯ ಟೀಚರಮ್ಮ ಎಂಬ ಬಾಯಿಯೋ, ನನ್ನ ಮುಖದ ಬಾಯಿಯೋ ಎಂದು ಕೇಳಲು ಹೋಗಲಿಲ್ಲ.

ಲತಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಮಾವನವರು ನಿಮಗೆ ಏನೂ ಹೇಳಬೇಡ ಎಂದಿದ್ದಾರೆ, ಹಾಗೆಂದು ಹೇಳಲು ಹೇಳಿದ್ದಾರೆ. ನಿಮ್ಮ ಬಲಗೈಗೆ ನಮಸ್ಕಾರ, ಎಡಗೈಗೆ ಬೇಗ ಗುಣವಾಗಲೆಂದು ಹರಕೆ, ನಾಲಿಗೆಗೆ ಸ್ವಲ್ಪ ವಿಶ್ರಾಂತಿ.

ನಿಮ್ಮ ತಮ್ಮನ ಮಗಳು, ನಿಮ್ಮ ಮಗನ ಹೆಂಡತಿ, ತಪ್ಪಾತು ಅನ್ನದ
ಶ್ವೇತಾ

ತಾ.ಕ.: ಪೋಸ್ಟಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನೇ ಮೊದಲು ಬರೆಯಬೇಕಿತ್ತು, ಕೈ ಬರಲಿಲ್ಲ. ರೇಣು ಅಂದಿನಿಂದ ತಾನಾಗಿ ನೀರು ತೆಗೆದುಕೊಳ್ಳುತ್ತಿಲ್ಲ. ಬಾಯಾರಿದರೆ ಕೊಡದ ಪಕ್ಕ ನಿಂತು, “ಅವ್ವಾ, ಮುಟ್ಲೇನು?” ಎಂದು ಕೇಳುತ್ತಾಳೆ. ನಾನು ಒಳಗಿಲ್ಲದಿದ್ದರೆ ಬರುವವರೆಗೆ ಹಾಗೇ ನಿಂತಿರುತ್ತಾಳೆ. ನಿನ್ನೆ ಖುರ್ಷಿದಾಬೇಗಂ ಹತ್ತಿರ ಮೆಲ್ಲಗೆ ಕೇಳುತ್ತಿದ್ದಳು: “ಅಜ್ಜಿಗೆ ಮತ್ತ ಬೆಂಕಿ ಹತ್ತಿದ್ರ ನಾ ನೀರು ಮುಟ್ಟಬೇಕೋ ಬ್ಯಾಡೋ?” ಅವರು ಮುಟ್ಟಬೇಕು ಮಗಾ ಎಂದರು. ನಾನೂ ಎಷ್ಟೋ ಸಲ ಹೇಳಿದ್ದೇನೆ. “ಅಜ್ಜಿ ಬ್ಯಾಡ ಅಂದಾಳಲ್ಲ” ಎನ್ನುತ್ತಾಳೆ. ಅವಳಿಗೆ ನನ್ನ ಮಾತಿಗಿಂತ ನಿಮ್ಮ ಮಾತು ದೊಡ್ಡದು, ಅದರ ಬಗ್ಗೆ ನನಗೆ ಜಗಳವಿಲ್ಲ. ನನಗೆ ಫೋನು ಬೇಡ. ನನ್ನ ಕೈನೀರೂ ನಿಮಗೆ ಬೇಡ. ಸಂಜೆ ಅವಳು ಶಾಲೆಯಿಂದ ಬಂದ ಮೇಲೆ ನಿಮ್ಮ ಮಗನ ನಂಬರಿಗೆ ಮಾಡಿ, ಅವಳನ್ನೇ ಕರೆಯಿರಿ, ಮುಟ್ಟು ಎಂದು ಒಂದೇ ಮಾತು ಹೇಳಿ. ಅಜ್ಜಿ ಉರಿಯುವಾಗ ಅಪ್ಪಣೆಗೆ ಕಾಯುತ್ತ ನಿಲ್ಲುವ ಹುಡುಗಿಯನ್ನು ನಾನು ಬೆಳೆಸಲಾರೆ ಅತ್ತೆ. ನೀವೂ ಬೆಳೆಸಬೇಡಿ.